ಬೋಳಾಗಿರುವ ನಮ್ಮ ಸೊಪ್ಪಿನಬೆಟ್ಟದ ಪೊದೆಗಳನ್ನು ಜೆಸಿಬಿಯಿಂದ ತೆಗೆಸಿ ಬೇಗ ಕಾಡು ಬೆಳೆಸಬೇಕು. ಅಕೇಶಿಯಾ ನೆಡಲೇ, ಬೇರೆ ಸಸಿ ಹಾಕಲೇ?

ದಯವಿಟ್ಟು ಜೆಸಿಬಿ ತರಿಸಬೇಡಿ. ನಾನು ತರಿಸಿದ್ದೆ.

ಶಿರಸಿ ಹತ್ತಿರ ನಮ್ಮ ಅಡಿಕೆ ತೋಟದ ಮೇಲೆ, ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಮೂರು ಎಕರೆ ಬೆಟ್ಟ ಇದೆ. ಅಜ್ಜನ ಕಾಲದಿಂದ ಸೊಪ್ಪು ಕಡಿದೂ ಕಡಿದೂ 2009ರ ಹೊತ್ತಿಗೆ ಅಲ್ಲಿ ಕರಡ ಹುಲ್ಲು, ಮೊಣಕಾಲೆತ್ತರದ ಪೊದೆ ಅಷ್ಟೇ ಉಳಿದಿತ್ತು. ಎಲ್ಲ ಕಿತ್ತೆಸೆದು ಅಕೇಶಿಯಾ ನೆಟ್ಟೆ.

ನಾನು ಪೊದೆ ಅಂದುಕೊಂಡಿದ್ದು ಮತ್ತಿ, ಹೊನ್ನೆ, ಕವಲು, ನೇರಳೆ ಮರಗಳ ಹಳೇ ಬುಡ. ಕತ್ತಿ, ದನ, ಬೇಸಿಗೆಯ ಬೆಂಕಿಯಿಂದ ಮೇಲೆ ಕುಳ್ಳಾಗಿದ್ದರೂ ಕೆಳಗಿನ ಬೇರು ದೊಡ್ಡ ಮರದ್ದೇ. ಆಳಕ್ಕಿಳಿದು, ಆಹಾರ ಕೂಡಿಟ್ಟುಕೊಂಡಿರುತ್ತದೆ. ಕಡಿಯುವುದು, ಮೇಯುವುದು ನಿಂತರೆ ಆ ಬುಡದ ಚಿಗುರು ಸರಸರ ಏಳುತ್ತದೆ. ನರ್ಸರಿ ಸಸಿ ಅಷ್ಟು ಬೇರು ಬಿಡಲು ಎಷ್ಟೋ ವರ್ಷ ಬೇಕು. ಅಂಥ ಬುಡಗಳನ್ನು ದುಡ್ಡು ಕೊಟ್ಟು ಕೀಳಿಸಿದೆ! ನಮ್ಮದು ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಮೇಲೆ ತೆಳು ಮಣ್ಣು. ಆ ಮಣ್ಣನ್ನು ಹಿಡಿದುಕೊಂಡಿದ್ದ ಬೇರುಗಳೇ ಹೋದವು. ಆ ಜುಲೈಯಲ್ಲಿ ಕೆಂಪು ನೀರು ತೋಟದ ಬಸಿಗಾಲುವೆಗೆ ಇಳಿದದ್ದು ಇನ್ನೂ ಕಣ್ಣ ಮುಂದಿದೆ.

ಅಕೇಶಿಯಾ ಬೆಳೆಯಿತು, ಸುಳ್ಳು ಹೇಳುವುದಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಗಾಳಿಯ ಸಾರಜನಕ ಬಳಸಿಕೊಂಡು ಕೆಟ್ಟ ಮಣ್ಣಿನಲ್ಲೂ ಬರುತ್ತದೆ. ಆದರೆ ಅದರ ಎಲೆಯಂತೆ ಕಾಣುವುದು ಚಪ್ಪಟೆಯಾದ ತೊಟ್ಟು. ದಪ್ಪ. ಗೊಬ್ಬರ ಗುಂಡಿಯಲ್ಲಿ ಮತ್ತಿ ಸೊಪ್ಪಿನ ಹಾಗೆ ಬೇಗ ಕೊಳೆಯಲಿಲ್ಲ. ಬೆಟ್ಟ ಇಟ್ಟುಕೊಳ್ಳುವುದೇ ತೋಟದ ಸೊಪ್ಪಿಗಾಗಿ, ಅಲ್ವಾ?

ಒಂದು ಮೂಲೆಯಲ್ಲಿ ಬಂಡೆ ಜಾಸ್ತಿ ಇದ್ದುದರಿಂದ ಜೆಸಿಬಿ ಹತ್ತಲಿಲ್ಲ. ಅಲ್ಲಿ ಏನೂ ನೆಡಲಿಲ್ಲ, ಅಗಳ ತೆಗೆಸಿ ದನ ತಡೆದೆ ಅಷ್ಟೇ. ಈಗ ಅಲ್ಲಿನ ಮತ್ತಿ ಮರಗಳು ಮನೆಯ ಮಾಡಿಗಿಂತ ಎತ್ತರ. ಪಿಕಳಾರ, ಕುಟ್ರುಹಕ್ಕಿ ಬಂದು ಕೂರುತ್ತವೆ. ಅವು ಹಣ್ಣು ತಿಂದು ಉದುರಿಸಿದ ಬೀಜಗಳಿಂದ ನೆರಳಲ್ಲಿ ಹೊಸ ಗಿಡಗಳು ಎದ್ದಿವೆ. ಅದನ್ನು ನೋಡಿದಾಗಲೆಲ್ಲ ಉಳಿದ ಜಾಗ ನೆನೆದು ಹೊಟ್ಟೆ ಉರಿಯುತ್ತದೆ.

ಯಾವ ಸಸಿ ಅನ್ನುವ ಪ್ರಶ್ನೆಯನ್ನೇ ಈ ವರ್ಷ ಬಿಡಿ. ಮಳೆ ಹಿಡಿದು ಹದಿನೈದು ದಿನಕ್ಕೆ ಬೆಟ್ಟ ಸುತ್ತಿ, ಚಿಗುರಿದ ಬುಡಕ್ಕೆಲ್ಲ ಗುರುತಿಗೆ ಬಟ್ಟೆ ಚೂರು ಕಟ್ಟಿ. ಬುಡಕ್ಕೆ ಎರಡು ಗಟ್ಟಿ ಚಿಗುರು ಬಿಟ್ಟು ಉಳಿದವನ್ನು ಸವರಿ. ದನ ಬರದಂತೆ ನೋಡಿಕೊಳ್ಳಿ. ಬೇಸಿಗೆಗೆ ಮುಂಚೆ ಸುತ್ತಲೂ ಒಣಹುಲ್ಲು ಕೆರೆಸಿ, ಬೆಂಕಿ ಒಳಗೆ ದಾಟಬಾರದು. ಬುಡವೇ ಇಲ್ಲದ ಕಡೆ ಮಾತ್ರ ಮುರುಗಲು, ನೇರಳೆ ಹಾಕಿ. ಜೆಸಿಬಿಯವರಿಗೆ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ಕೊಡದಿದ್ದರೂ ಪರವಾಗಿಲ್ಲ, ಬರುವುದು ಬೇಡ ಅನ್ನಿ.