ಮಾಸ್ಟ್ರ ಮಾತು ಮಾಸ್ಟ್ರ ಬಾಯಲ್ಲೇ ಬರಲಿ

ಪ್ರಿಯ ಬರಹಗಾರರೇ,

ಉಡುಪಿಯಿಂದ ನೀವು ಕಳಿಸಿದ ಲೇಖನ ಕೈಸೇರಿದೆ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ, ವಿಷಯ ನಿಮ್ಮ ಮನೆಯಂಗಳದ್ದು. ಇಷ್ಟು ಮೆಚ್ಚುಗೆ ನಿಮಗೆ ಸಲ್ಲಬೇಕಾದದ್ದೇ. ಆದರೆ ಎರಡನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ರಾತ್ರಿ ಬದಿಗಿಟ್ಟು ಬೆಳಿಗ್ಗೆ ಮತ್ತೆ ಓದಿದೆ, ಸಿಟ್ಟು ಇಳಿದಿರಲಿಲ್ಲ. ನಿಮ್ಮ ಹೆಸರು ಹಾಕದೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಈ ತೊಂದರೆ ನಿಮ್ಮೊಬ್ಬರದಲ್ಲ.

ಮಿಕ್ಕ ಓದುಗರಿಗಾಗಿ ಲೇಖನದ ಸಾರ ಹೇಳಿಬಿಡುತ್ತೇನೆ. ಒಂದು ಮನೆಯಲ್ಲಿ ಸಂಜೆಯ ಬೈಬಲ್ ಸ್ಟಡಿ. ಯುವಕ ಯುವತಿಯರು ಮೊಬೈಲಿನಲ್ಲಿ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಎಂಬ ಹೊಸ ಇಂಗ್ಲಿಷ್ ಅನುವಾದ ತೆರೆದುಕೊಂಡಿದ್ದಾರೆ. ನಿವೃತ್ತ ಇಂಗ್ಲಿಷ್ ಮಾಸ್ಟ್ರೊಬ್ಬರ ಮಡಿಲಲ್ಲಿ ಕಿಂಗ್ ಜೇಮ್ಸ್ ಎಂಬ ಹಳೆಯ ಇಂಗ್ಲಿಷ್ ಅನುವಾದದ ಬೈಬಲು. ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಎಂಟನೇ ಅಧ್ಯಾಯ, ಸುವಾರ್ತೆ ಸಾರುವ ಫಿಲಿಪ್ಪನು ಐಥಿಯೋಪ್ಯದ ಕಂಚುಕಿಗೆ, ಅಂದರೆ ಅಲ್ಲಿಯ ರಾಣಿಯ ಅಧಿಕಾರಿಗೆ, ದೀಕ್ಷಾಸ್ನಾನ ಕೊಡುವ ಭಾಗ. ಹುಡುಗಿಯೊಬ್ಬಳು ಓದುತ್ತಾ 36ನೇ ವಚನದಿಂದ ನೇರ 38ಕ್ಕೆ ಹೋಗುತ್ತಾಳೆ. ಮಾಸ್ಟ್ರು ಪುಸ್ತಕದಿಂದ ತಲೆ ಎತ್ತಿ, "37 ಎಲ್ಲಿ ಹೋಯಿತು?" ಎಂದು ಕೇಳುತ್ತಾರೆ. ಅಲ್ಲಿಂದ ಮಾತಿಗೆ ಮಾತು ಬೆಳೆದು ಸಭೆ ಎರಡು ಪಾಲಾಗುತ್ತದೆ.

"37 ಎಲ್ಲಿ ಹೋಯಿತು?" ಇಡೀ ಲೇಖನದಲ್ಲಿ ಜೀವ ಇರುವ ಮಾತು ಇದೊಂದೇ, ಅದನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅದರ ಬೆನ್ನಿಗೇ ಬರುವ ಸಾಲುಗಳನ್ನು ಒಂದೊಂದಾಗಿ ನೋಡೋಣ.

"ಹಳೆಯ ಅನುವಾದಕ್ಕೆ ಜೋತುಬಿದ್ದವರಿಗೆ ಅರ್ಥಕ್ಕಿಂತ ಅಭ್ಯಾಸವೇ ದೊಡ್ಡದು." ಇದನ್ನು ನಿಮಗೆ ಯಾರು ಹೇಳಿದರು? ಮಾಸ್ಟ್ರು ಹೇಳಿದ್ದಾಗಿ ಲೇಖನದಲ್ಲಿ ಇಲ್ಲ. ಅವರು ಕೇಳಿದ್ದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಬದಲು ಅವರ ಮನಸ್ಸಿನೊಳಗೆ ಏನಿದೆಯೆಂದು ನೀವೇ ತೀರ್ಪು ಕೊಟ್ಟಿರಿ. "ಜೋತುಬಿದ್ದವರು" ಎಂದ ಮೇಲೆ ಓದುಗನಿಗೆ ಇನ್ನು ಯೋಚಿಸಲು ಏನೂ ಉಳಿಯುವುದಿಲ್ಲ.

"ಅವರು ಎದ್ದುನಿಂತು ಕೂಗಾಡಿದರು." ಕೂಗಿ ಏನೆಂದರು? ಸ್ವರ ಎಷ್ಟು ದೊಡ್ಡದಿತ್ತೆಂಬುದು ದಾಖಲಾಗಿದೆ, ಆಡಿದ ಮಾತು ದಾಖಲಾಗಿಲ್ಲ. ನಿಮ್ಮ ಪಕ್ಷದ ಹುಡುಗ ಹೇಳಿದ್ದನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಐದು ಸಾಲು ಕೊಟ್ಟಿದ್ದೀರಿ. ಒಬ್ಬನಿಗೆ ಮಾತು, ಇನ್ನೊಬ್ಬರಿಗೆ ಬರೀ ಕೂಗು. ಇದು ಅನ್ಯಾಯ, ಮತ್ತು ಬರಹದಲ್ಲಿ ಅನ್ಯಾಯ ನಡೆಯುವುದು ಬಹುಪಾಲು ಹೀಗೆಯೇ.

"ಪಾಪ, ಮೂಲಭಾಷೆಯ ಹಸ್ತಪ್ರತಿಗಳ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ." ಆ "ಪಾಪ"ವನ್ನು ಮೊದಲು ಹೊಡೆದು ಹಾಕಿ. ಆಮೇಲೆ ನಾನು ನಿಮ್ಮನ್ನು ಕೇಳಬೇಕಾಗುತ್ತದೆ: ನಿಮಗೆ ಎಷ್ಟು ಗೊತ್ತು? ಲೇಖನದಲ್ಲಿ ಒಂದು ಹಸ್ತಪ್ರತಿಯ ಹೆಸರಿಲ್ಲ. ಆ ವಚನ ಯಾಕೆ ಇಲ್ಲ ಎಂಬುದಕ್ಕೆ ಒಂದು ಸಾಲಿನ ವಿವರಣೆ ಇಲ್ಲ. ಮೊಬೈಲಿನಲ್ಲೇ ಆ ಜಾಗದಲ್ಲಿ ಅಡಿಟಿಪ್ಪಣಿಯ ಗುರುತೊಂದು ಇರುತ್ತದೆ, ಒತ್ತಿದರೆ 37ನೇ ವಚನ ಪೂರ್ತಿ ಸಿಗುತ್ತದೆ. ಅಂದು ಅಲ್ಲಿದ್ದವರಲ್ಲಿ ಯಾರಾದರೂ ಅದನ್ನು ಒತ್ತಿ ಮಾಸ್ಟ್ರಿಗೆ ತೋರಿಸಿದರೇ? ತೋರಿಸಿದ್ದರೆ ಅದನ್ನು ಬರೆಯಬೇಕಿತ್ತು. ತೋರಿಸಿಲ್ಲವಾದರೆ ಅದನ್ನೂ ಬರೆಯಬೇಕಿತ್ತು.

ಈಗ ಆ ವಚನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಲೇಖನದಲ್ಲಿ ಇರಬೇಕಾಗಿದ್ದದ್ದು ಇದೇ. 36ನೇ ವಚನದಲ್ಲಿ ಕಂಚುಕಿ, ಇಲ್ಲಿ ನೀರಿದೆಯಲ್ಲ, ನನಗೆ ದೀಕ್ಷಾಸ್ನಾನವಾಗಲು ಅಡ್ಡಿ ಏನು ಎಂದು ಕೇಳುತ್ತಾನೆ. 38ರಲ್ಲಿ ರಥ ನಿಲ್ಲುತ್ತದೆ, ಇಬ್ಬರೂ ನೀರಿಗಿಳಿಯುತ್ತಾರೆ. ನಡುವಿನ 37ರಲ್ಲಿ ಫಿಲಿಪ್ಪನು, ನೀನು ಪೂರ್ಣ ಹೃದಯದಿಂದ ನಂಬಿದರೆ ಆಗಬಹುದು ಎನ್ನುತ್ತಾನೆ. ಯೇಸು ಕ್ರಿಸ್ತನು ದೇವರ ಮಗನೆಂದು ನಂಬುತ್ತೇನೆ ಎಂದು ಕಂಚುಕಿ ಅರಿಕೆ ಮಾಡುತ್ತಾನೆ. ಅಂದರೆ ಕಾಣೆಯಾದದ್ದು ಯಾವುದೋ ವಂಶಾವಳಿಯ ಒಂದು ಹೆಸರಲ್ಲ, ದೀಕ್ಷಾಸ್ನಾನಕ್ಕೆ ಮುಂಚಿನ ವಿಶ್ವಾಸದ ಅರಿಕೆ. ಮಗುವಿಗೆ ದೀಕ್ಷಾಸ್ನಾನ ಕೊಡಬಹುದೇ, ತಿಳಿದು ನಂಬಿದವರಿಗೆ ಮಾತ್ರವೇ ಎಂಬ ವಾದ ನಮ್ಮ ಕರಾವಳಿಯ ಸಭೆಗಳಲ್ಲಿ ಎಷ್ಟು ಮನೆಗಳನ್ನು ಒಡೆದಿದೆಯೆಂದು ನಿಮಗೂ ಗೊತ್ತು. ಆ ವಾದದಲ್ಲಿ ಜನ ಬೆರಳಿಟ್ಟು ತೋರಿಸುವ ಸಾಲು ಇದು. ಅದು ಪುಟದಲ್ಲಿ ಕಾಣದೇ ಹೋದರೆ ಮಾಸ್ಟ್ರ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಇನ್ನು ಹಸ್ತಪ್ರತಿಗಳು. ನಾಲ್ಕನೇ ಶತಮಾನದ ಸಿನೈಟಿಕಸ್, ವ್ಯಾಟಿಕಾನಸ್ ಎಂಬ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ ಈ ವಚನ ಇಲ್ಲ. 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚಿಗೆ ಕೊಟ್ಟ ಎರಾಸ್ಮಸ್, ಒಂದು ಪ್ರತಿಯ ಅಂಚಿನಲ್ಲಿ ಇದನ್ನು ಕಂಡರು. ಲಿಪಿಕಾರರ ಕೈತಪ್ಪಿನಿಂದ ಬಿಟ್ಟುಹೋಗಿದೆಯೆಂದು ಭಾವಿಸಿ ಒಳಗೆ ಸೇರಿಸಿದರು. 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು ವಚನಗಳಿಗೆ ಸಂಖ್ಯೆ ಹಾಕಿದರು. ಅಷ್ಟು ಹೊತ್ತಿಗೆ ಈ ಸಾಲು ಅಚ್ಚಿನಲ್ಲಿ ಸೇರಿಹೋಗಿತ್ತು, ಅದಕ್ಕೂ ಒಂದು ಸಂಖ್ಯೆ ಬಿತ್ತು. ಹಳೆಯ ಪ್ರತಿಗಳನ್ನು ನೋಡಿದ ಮುಂದಿನ ವಿದ್ವಾಂಸರು ಸಾಲನ್ನು ಅಡಿಟಿಪ್ಪಣಿಗೆ ಇಳಿಸಿದಾಗ ಸಂಖ್ಯೆ ಖಾಲಿ ಉಳಿಯಿತು. ಮಾಸ್ಟ್ರ ಕಣ್ಣಿಗೆ ಬಿದ್ದದ್ದು ಆ ಖಾಲಿ ಜಾಗ.

ಇಷ್ಟು ಓದಿ ನಿಮ್ಮ ಪಕ್ಷ ಗೆದ್ದಿತೆಂದು ತಿಳಿಯಬೇಡಿ. ಕಂಚುಕಿಯ ಈ ಅರಿಕೆಯನ್ನು ಎರಡನೇ ಶತಮಾನದಲ್ಲೇ ಲಿಯೋನ್ಸಿನ ಬಿಷಪ್ ಐರೇನಿಯಸ್ ಉಲ್ಲೇಖಿಸಿದ್ದಾರೆ. ಅವರ ಕಾಲ ಆ ಎರಡು ದೊಡ್ಡ ಪ್ರತಿಗಳಿಗಿಂತ ಹಿಂದಿನದು. ನಿಮ್ಮ ಮಾಸ್ಟ್ರಿಗೆ ಇದು ಗೊತ್ತಿದ್ದು, ಎದ್ದುನಿಂತು ಇದನ್ನೇ ಹೇಳಿದ್ದರೆ, ಆ ಹುಡುಗನ ಐದು ಸಾಲಿನಲ್ಲಿ ಇದಕ್ಕೆ ಉತ್ತರ ಇದೆಯೇ? ಉತ್ತರ ಇಲ್ಲವೆಂದಲ್ಲ. ಅರಿಕೆ ಸಭೆಯ ಬಾಯಲ್ಲಿ ಮೊದಲೇ ಬಳಕೆಯಲ್ಲಿದ್ದು ಆಮೇಲೆ ಪುಟಕ್ಕೆ ಬಂದಿರಬಹುದು ಎನ್ನುತ್ತಾರೆ ವಿದ್ವಾಂಸರು. ಅದು ಗಟ್ಟಿ ಉತ್ತರ. ಆದರೆ ಪ್ರಶ್ನೆಯೂ ಗಟ್ಟಿ ಇದ್ದರೆ ತಾನೇ ಉತ್ತರಕ್ಕೆ ಬೆಲೆ? ನಾನೂ ದಿನಾ ಓದುವುದು ಹೊಸ ಅನುವಾದವನ್ನೇ. ನಿಮ್ಮ ತೀರ್ಮಾನಕ್ಕೆ ನನ್ನ ತಕರಾರಿಲ್ಲ, ಅಲ್ಲಿಗೆ ನೀವು ಹೋದ ದಾರಿಗೆ ಇದೆ.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ನನ್ನನ್ನು ತಿದ್ದಿದವರು. ಮಂಗಳೂರಿನ ಹಂಪನಕಟ್ಟೆಯ ಹತ್ತಿರದ ಒಂದು ಪ್ರೆಸ್ಸಿಗೆ ನಾನು ಕರಡು ತಿದ್ದುವ ಹುಡುಗನಾಗಿ ಸೇರಿದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಅಲ್ಲಿಂದ ಹೊರಡುತ್ತಿದ್ದ ವಾರಪತ್ರಿಕೆಯ ಸಂಪಾದಕರಿಗೆ ಒಂದು ಕಟ್ಟುನಿಟ್ಟು ಇತ್ತು. ಜಗಳದ ವರದಿ ಯಾವುದೇ ಇರಲಿ, ಗ್ಯಾಲಿ ಪ್ರೂಫ್, ಅಂದರೆ ತಿದ್ದಲು ಅಚ್ಚು ಹಾಕಿದ ಕರಡು, ಹಿಡಿದುಕೊಂಡು ಎದುರು ಪಕ್ಷದವರ ಮನೆಗೆ ಹೋಗಿ, ಅವರ ಮಾತಿನ ಭಾಗವನ್ನು ಅವರಿಗೇ ಓದಿ ಹೇಳಬೇಕು. "ಹೌದು, ನಾನು ಹೇಳಿದ್ದು ಇದನ್ನೇ ಅಂತ ಅವ ಒಪ್ಪಬೇಕು ಮಾರಾಯಾ, ಆಮೇಲೆ ನೀನು ಬೇಕಾದ್ದು ಬರಿ" ಎನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜೆಯನ್ನು ಜನರ ಭಾಷೆಯಲ್ಲಿ ನಡೆಸಲು ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ದಾರಿ ಮಾಡಿಕೊಟ್ಟಿತಲ್ಲ, ಆ ಬದಲಾವಣೆ ಬಂದು ವರ್ಷಗಳು ಕಳೆದಿದ್ದರೂ ಲ್ಯಾಟಿನ್ ಬೇಕೆನ್ನುವ ಹಿರಿಯರು ಇಲ್ಲಿ ಇನ್ನೂ ಇದ್ದರು. ಅವರಲ್ಲಿ ಒಬ್ಬರ ಮನೆಗೆ ನನ್ನನ್ನು ಅಟ್ಟಿದರು. ಹಡಗಿನಲ್ಲಿ ದುಡಿದು ನಿವೃತ್ತರಾಗಿದ್ದವರು, ಇಗರ್ಜಿಯ ಗಾಯನ ಮಂಡಳಿಯಲ್ಲಿದ್ದವರು. ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ ನಾನು ಓದಿದ್ದನ್ನು ಕೇಳಿಸಿಕೊಂಡರು. ಸರಿ ಇದೆ, ಒಂದು ಮಾತು ಬಿಟ್ಟುಹೋಗಿದೆ ಎಂದರು. "ಯಾವ ಬಂದರಿನಲ್ಲಿ ಇಳಿದರೂ ಇಗರ್ಜಿಯೊಳಗೆ ನಾನು ಪರದೇಶಿ ಆಗಿರಲಿಲ್ಲ. ಎಲ್ಲಾ ಕಡೆಯೂ ಅದೇ ಮಾತು, ನನ್ನ ಬಾಯಲ್ಲಿದ್ದದ್ದೇ." ಪೆನ್ಸಿಲಿನಿಂದ ಗ್ಯಾಲಿಯ ಅಂಚಿನಲ್ಲಿ ಬರೆದುಕೊಂಡು ಬಂದೆ. ಕೊಂಕಣಿಯಲ್ಲಿ ಪೂಜೆ ನಡೆಯುವುದೇ ಸರಿ ಎಂಬ ನನ್ನ ನಿಲುವು ಅಂದೂ ಇತ್ತು, ಇಂದೂ ಇದೆ. ಆದರೆ ಅವರ ಆ ಮಾತನ್ನು ಎದುರಿಗಿಟ್ಟುಕೊಳ್ಳದೆ ಆ ನಿಲುವಿನ ಪರವಾಗಿ ಬರೆಯುವುದು ನನಗೆ ಮತ್ತೆ ಸಾಧ್ಯವಾಗಲಿಲ್ಲ.

ಎರಡನೇ ತಕರಾರು ನಿಮ್ಮ ಕೊನೆಯ ಪ್ಯಾರಾದ್ದು. "ಹೊಸದು ಗೆಲ್ಲುತ್ತದೆ, ಹಳೆಯದು ಸೋಲುತ್ತದೆ ಎಂಬುದನ್ನು ಚರ್ಚಿನ ಇತಿಹಾಸ ಮತ್ತೆ ಮತ್ತೆ ಸಾಬೀತು ಮಾಡಿದೆ." ಯಾವ ಇತಿಹಾಸ? ಇಂದಿನ ಲಿಬಿಯಾದ ಟ್ರಿಪೋಲಿ ಇರುವಲ್ಲಿ ಹಿಂದೆ ಓಯಾ ಎಂಬ ಊರಿತ್ತು. ಅಲ್ಲಿಯ ಬಿಷಪ್ ಜೆರೋಮರ ಹೊಸ ಲ್ಯಾಟಿನ್ ಅನುವಾದದಿಂದ ಯೋನನ ಪುಸ್ತಕ ಓದಿಸಿದಾಗ, ತಲೆಮಾರುಗಳಿಂದ ಕೇಳಿದ್ದು ಬದಲಾಯಿತೆಂದು ಜನ ಗದ್ದಲ ಎಬ್ಬಿಸಿದರು. ಸಭೆಯ ಜನರೇ ಕೈಬಿಟ್ಟು ಹೋದಾರೆಂಬ ಭಯದಲ್ಲಿ ಬಿಷಪರು ಆ ಜಾಗವನ್ನು ತಪ್ಪೆಂಬಂತೆ ತಿದ್ದಬೇಕಾಯಿತು. 403ರ ಸುಮಾರಿಗೆ ಇದನ್ನು ಜೆರೋಮರಿಗೆ ಪತ್ರ ಬರೆದು ತಿಳಿಸಿದವರು ಉತ್ತರ ಆಫ್ರಿಕದ ಇನ್ನೊಬ್ಬ ಬಿಷಪ್ ಅಗಸ್ಟಿನ್. ಆ ಅಗಸ್ಟಿನ್ನರೂ ಜನರನ್ನು ಮೂಢರೆಂದು ಕರೆಯಲಿಲ್ಲ, ಅವರ ಆತಂಕದ ಪರವಾಗಿಯೇ ಬರೆದರು. ಅಂದು ಗದ್ದಲ ಎಬ್ಬಿಸಿದ ಜೆರೋಮರ ಅನುವಾದವನ್ನೇ 1546ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಅಧಿಕೃತವೆಂದು ಸಾರಿತು. ಇನ್ನು ಮಾಸ್ಟ್ರ ಮಡಿಲಲ್ಲಿದ್ದ ಕಿಂಗ್ ಜೇಮ್ಸ್: 1611ರಲ್ಲಿ ಅದನ್ನು ಹೊರತಂದವರು, ಹಿಂದಿನ ಅನುವಾದಗಳು ಇರುವಾಗ ಇನ್ನೊಂದು ಯಾಕೆ ಎಂಬ ಆಕ್ಷೇಪಕ್ಕೆ ಉದ್ದನೆಯ ಮುನ್ನುಡಿಯಲ್ಲಿ ಉತ್ತರ ಕೊಡಬೇಕಾಯಿತು. ಅದೂ ಒಮ್ಮೆ ಹೊಸದೇ ಆಗಿತ್ತು. ಇದರಲ್ಲಿ ಗೆಲುವು ಯಾರದು, ಸೋಲು ಯಾರದು?

ದೂರ ಹೋಗುವುದೂ ಬೇಡ. ಕನ್ನಡ ಬೈಬಲಿನ ಅನುವಾದ ಶುರುವಾದದ್ದು ಬಳ್ಳಾರಿಯಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆ ಅನುವಾದವಿದ್ದೂ ಸುಮ್ಮನಿರಲಿಲ್ಲ. ಅವರಲ್ಲಿ ವೈಗ್ಲೆ ಎಂಬವರು ಅದರ ಪರಿಷ್ಕರಣೆಗಾಗಿಯೇ ದುಡಿದರು. ನಿಮ್ಮ ಅಜ್ಜಿಯಂದಿರು ಬಾಯಿಪಾಠ ಮಾಡಿದ ಕನ್ನಡ ವಚನಗಳ ಹಿಂದೆಯೂ ಇಂಥ ತಿದ್ದುಪಡಿಗಳ ಸಾಲೇ ಇದೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ನಿನ ಹಳೆಯ ದಾಖಲೆ, ಪುಸ್ತಕಗಳಿವೆ. ಉಡುಪಿಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುತ್ತೀರಿ. ಹೋಗಿ, ಕೂತು ಓದಿ. ಆ ಪ್ಯಾರಾ ತಾನಾಗಿ ಬದಲಾಗುತ್ತದೆ.

ಲೇಖನದ ಉಳಿದ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ. ಸದ್ಯ ಇದನ್ನು ಪ್ರಕಟಿಸುವುದಿಲ್ಲ, ತಿರಸ್ಕರಿಸಿಯೂ ಇಲ್ಲ. ಮಾಸ್ಟ್ರ ಮನೆಗೆ ಹೋಗಿ. ಅಂದು ಏನು ಹೇಳಿದಿರಿ, ಯಾಕೆ ಹೇಳಿದಿರಿ ಎಂದು ಕೇಳಿ, ಅವರು ಆಡಿದಂತೆಯೇ ಬರೆದುಕೊಳ್ಳಿ. ಎರಡನೇ ಪ್ಯಾರಾ ಹೊಸದಾಗಿ ಬರೆದ ಮೇಲೆ ಅದನ್ನು ಅವರಿಗೆ ಓದಿ ಹೇಳಿ, ಅವರು ಏನಾದರೂ ಸೇರಿಸಿದರೆ ಅದನ್ನೂ ಸೇರಿಸಿ. ಕ್ರಿಸ್ಮಸ್ ಸಂಚಿಕೆಯ ಪುಟಗಳು ನವೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತವೆ. ಅದಕ್ಕೆ ಮುಂಚೆ ಬಂದರೆ ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ