ಮೈಮೇಲೆ ಬರುವ ಕಥೆಗಳು: ಯಾವ ಜೋಡಿ ನೋಡಬಹುದು?

ಒಂದೇ ವಿಷಯದ ಹಳೆಯದೊಂದು, ಹೊಸದೊಂದು ಭೂತದ ಸಿನಿಮಾ ಒಂದೇ ರಾತ್ರಿ ನೋಡಬೇಕು ಅಂತ ಕೇಳಿದ್ದೀರಿ. ನನ್ನ ಜೋಡಿ: 1979ರ 'ನಾ ನಿನ್ನ ಬಿಡಲಾರೆ' ಮತ್ತು 2025ರ 'ಸು ಫ್ರಮ್ ಸೋ'.

ಎರಡರಲ್ಲೂ ಗಂಡಸಿನ ಮೈಮೇಲೆ ಹೆಂಗಸಿನ ಪ್ರೇತ ಬಂದಿದೆ ಅನ್ನುವುದೇ ಕಥೆಯ ಬೇರು. ಹಳೆಯದರಲ್ಲಿ ಪ್ರೇತ ನಿಜವಾದದ್ದು. ಅನಂತ್ ನಾಗ್ ನೋಟ ಬದಲಾಗುವ ಜಾಗಗಳಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಪ್ರೇತದಿಂದ ಬಿಡಿಸಲು ಮಂತ್ರಾಲಯದ ರಾಯರೇ ಬೇಕು. ಹೊಸದರಲ್ಲಿ ನಾಯಕ ಅಶೋಕ ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳಲು ಸುಲೋಚನಾ ಅನ್ನುವ ಹೆಂಗಸಿನ ಪ್ರೇತ ಮೈಮೇಲೆ ಬಂದ ಹಾಗೆ ಸುಮ್ನೆ ನಾಟಕ ಮಾಡುತ್ತಾನೆ. ಊರೇ ನಂಬಿಬಿಡುತ್ತದೆ! ಆಮೇಲೆ ಹೆದರುವ ಸರದಿ ಅವನದು. ಸುಲೋಚನಾ ಬಂದದ್ದು ನಮ್ಮ ಉಳ್ಳಾಲದ ಪಕ್ಕದ ಸೋಮೇಶ್ವರದಿಂದ ಅಂದಾಗ ಮಂಗಳೂರಿನ ಥಿಯೇಟರಲ್ಲಿ ಎದ್ದ ನಗು ಬೇರೆ ಊರಲ್ಲಿ ಸಿಗಲಿಕ್ಕಿಲ್ಲ.

ನಡುವೆ 2004ರ 'ಆಪ್ತಮಿತ್ರ'ವನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ನಾಗವಲ್ಲಿ ಅನ್ನುವ ಪ್ರೇತ ಇರುವುದು ಗಂಗಾಳ ಮನಸ್ಸಿನಲ್ಲಿ, ಹಾಗಾಗಿ ಡಾಕ್ಟರ್ ಬರುತ್ತಾರೆ. ಆದರೆ ಉದ್ದ ಜಾಸ್ತಿ, ಒಂದೇ ರಾತ್ರಿಗೆ ಮೂರು ಕಷ್ಟ.

ಒಂದು ಮಾತು. ನೀವು ಘಟ್ಟದ ಮೇಲಿನವರಾದರೆ ಇಲ್ಲಿನ 'ಭೂತ' ಅನ್ನುವ ಪದ ಗೊಂದಲ ಮಾಡಬಹುದು. ನಮ್ಮಲ್ಲಿ ಭೂತ ಅಂದರೆ ಕೋಲ ಕೊಟ್ಟು ನಂಬುವ ದೈವ. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ಕುಲೆ ಅನ್ನುತ್ತೇವೆ. ಸುಲೋಚನಾ ಕುಲೆಯ ಲೆಕ್ಕ, ದೈವ ಅಲ್ಲ.

ಹಳೆಯದನ್ನೇ ಮೊದಲು ನೋಡಿ. ನಕ್ಕಾದ ಮೇಲೆ ಹೆದರುವುದು ಕಷ್ಟ ಅಲ್ವಾ?