ಪ್ರತಿಕ್ರಿಯೆ: ಲ್ಯುಕಾತ್‌ನಲ್ಲಿ 25 ನಾಟ್ ತ್ರಾಮೊಂತಾನ್ ಗಾಳಿಗೆ ಸಮುದ್ರಕ್ಕೆ ಇಳಿಯಬಹುದಾ?

ಕೈಟ್‌ಸರ್ಫಿಂಗ್‌ನಲ್ಲಿ (ದೊಡ್ಡ ಗಾಳಿಪಟದಂಥ ಕೈಟ್ ಎಳೆಯುವಾಗ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಈಗಷ್ಟೇ ಬೋರ್ಡ್ ಮೇಲೆ ನಿಲ್ಲೋಕೆ ಕಲಿತಿದ್ದೀರಿ, ತೂಕ 70 ಕೆಜಿ, ಶನಿವಾರ ದಕ್ಷಿಣ ಫ್ರಾನ್ಸ್‌ನ ಕಡಲತೀರದ ಲ್ಯುಕಾತ್‌ನಲ್ಲಿ ಗಾಳಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ಇದೆ ಅಂದಿರಿ. ದಯವಿಟ್ಟು ಸಮುದ್ರದ ಕಡೆ ಇಳಿಯಬೇಡಿ.

ತ್ರಾಮೊಂತಾನ್ ವಾಯವ್ಯದ ಗಾಳಿ. ಪಿರೆನೀಸ್ ಮತ್ತು ಮಾಸಿಫ್ ಸೆಂಟ್ರಾಲ್ ಬೆಟ್ಟಗಳ ನಡುವಿನ ಕಿಂಡಿಯಲ್ಲಿ ನುಗ್ಗಿ ಜೋರಾಗುತ್ತದೆ. ಲ್ಯುಕಾತ್ ತೀರದಲ್ಲಿ ಅದು ಬೀಸುವುದು ನೆಲದಿಂದ ಕಡಲಿಗೆ. ಆಕಾಶ ತಿಳಿಯಾಗಿರುತ್ತದೆ, ದಡದ ಹತ್ತಿರ ಅಲೆಯೇ ಇರುವುದಿಲ್ಲ, ನೋಡಿದವರಿಗೆ ಧೈರ್ಯ ಬಂದುಬಿಡುತ್ತದೆ. ಸ್ವಲ್ಪ ದೂರಕ್ಕೆ ಕಣ್ಣು ಹಾಯಿಸಿ, ಬಿಳಿ ನೊರೆ ಕಾಣುತ್ತದೆ. ಕೈಟ್ ನೀರಿಗೆ ಬಿದ್ದು ಮತ್ತೆ ಏಳದಿದ್ದರೆ ಗಾಳಿ ನಿಮ್ಮನ್ನು ಆ ಕಡೆಗೇ ಒಯ್ಯುತ್ತದೆ.

ಹಿಂಬದಿಯ ಸಾಲ್ಸ್-ಲ್ಯುಕಾತ್ ಲಗೂನಿಗೆ (ಕಡಲಂಚಿನ ಉಪ್ಪುನೀರಿನ ಸರೋವರ) ಹೋಗಿ. ನಾಲ್ಕೂ ಕಡೆ ದಡವಿದೆ. ತೇಲಿಹೋದರೂ ಎದುರು ದಡ ಸಿಗುತ್ತದೆ. ಆದರೂ ಒಬ್ಬರೇ ಬೇಡ, ಅಲ್ಲಿನ ಶಾಲೆಯ ತರಬೇತುದಾರರ ಜೊತೆ ಇಳಿಯಿರಿ. ಗಾಳಿ ಒಂದೇ ಸಮ ಬೀಸಲ್ಲ, ತಟ್ಟನೆ ಎಳೆಯುತ್ತದೆ. ಹಾಗಾಗಿ 12 ಚದರ ಮೀಟರ್ ಕೈಟ್ ಚೀಲದಲ್ಲೇ ಇರಲಿ. 7 ಅಥವಾ 8 ಸಾಕು. ಮರಳು ಕಾಲಿಗೆ ಚುರುಚುರು ಬಡಿಯುತ್ತಿದ್ದರೆ ಅದನ್ನೂ ಚೀಲದಿಂದ ತೆಗೆಯಬೇಡಿ. ಕ್ವಿಕ್ ರಿಲೀಸ್ (ಅಪಾಯದಲ್ಲಿ ಕೈಟ್‌ನ ಎಳೆತವನ್ನು ತಟ್ಟನೆ ಬಿಡಿಸುವ ಕೊಂಡಿ) ಅನ್ನು ದಡದಲ್ಲೇ ಒಮ್ಮೆ ಎಳೆದು ನೋಡಿ.

ಆಗ್ನೇಯದ ಮಾರಿನ್ ಗಾಳಿ ಬಂದರೆ ಲೆಕ್ಕ ಬೇರೆ: ಅದು ದಡದತ್ತ ತಳ್ಳುತ್ತದೆ, ಜೊತೆಗೆ ಅಲೆ, ಮೋಡ. ಶನಿವಾರ ಬೆಳಿಗ್ಗೆ ಗಾಳಿಯ ದಿಕ್ಕು ನೋಡಿ ಇಲ್ಲೇ ಬರೆಯಿರಿ, ಹೇಳ್ತೀನಿ.